ಕೋಟೆಯಿಂದ 92 ಮೀಟರ್

ಎರಡು ವರ್ಷದ ಹಿಂದೆ ಆಟಿ ತಿಂಗಳಲ್ಲಿ, ಮಳೆಗಾಲದ ನಡುವೆ, ಅಮ್ಮ ಬಿದ್ದಳು. ರಾತ್ರಿ 2 ಗಂಟೆ ಹೊತ್ತು. ಒಂದು ಕೈಯಲ್ಲಿ ಟಾರ್ಚು, ಇನ್ನೊಂದು ಕೈಯಲ್ಲಿ ಕೊಡೆ ಹಿಡಿದುಕೊಂಡು ಹಿತ್ತಿಲಿನ ಕಕ್ಕಸಿಗೆ ಹೊರಟಿದ್ದಾಳೆ. ಅಡಿಗೆಮನೆಯ ಹಿಂಬಾಗಿಲಿನಿಂದ ಅಲ್ಲಿಗೆ 32 ಹೆಜ್ಜೆ. ನಡುವೆ ಮುರಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲಿನ, ಮೂರು ಮೆಟ್ಟಿಲು, ಮಳೆಗಾಲದಲ್ಲಿ ಪಾಚಿ ಕಟ್ಟುತ್ತದೆ. ಎರಡನೇ ಮೆಟ್ಟಿಲಲ್ಲಿ ಕಾಲು ಜಾರಿತು. ಮಳೆಯ ಸದ್ದಿನಲ್ಲಿ ಅವಳು ಕೂಗಿದ್ದು ಅಣ್ಣನಿಗೂ ಅತ್ತಿಗೆಗೂ ಕೇಳಿಸಲಿಲ್ಲ. ಅರ್ಧ ಗಂಟೆ ಅಲ್ಲೇ ಮೆಟ್ಟಿಲ ಮೇಲೆ ನೆನೆಯುತ್ತಾ ಕೂತಿದ್ದಳಂತೆ. ಮಣಿಕಟ್ಟಿನ ಎಲುಬಿನಲ್ಲಿ ಸಣ್ಣ ಬಿರುಕು. ಸೊಂಟ ಉಳಿಯಿತು, ಅದೇ ದೊಡ್ಡದು.

ನಾನಿರುವುದು ಮಂಗಳೂರಿನಲ್ಲಿ. ಆ ಶನಿವಾರ ರೈಲಿಳಿದು ಮನೆಗೆ ಹೋದಾಗ ಅಮ್ಮ ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಜಗಲಿಯಲ್ಲಿ ಕೂತಿದ್ದಳು. ಎದುರಿಗೆ ಕಾಸರಗೋಡು ಜಿಲ್ಲೆಯ ಬೇಕಲ ಕೋಟೆ. ನಮ್ಮ ಜಗಲಿಯಿಂದ ನೋಡಿದರೆ ತೆಂಗಿನ ಮರಗಳ ನಡುವೆ ಕೋಟೆಯ ಒಂದು ಕೊತ್ತಳ ಕಾಣುತ್ತದೆ. ಮಳೆ ಬಂದಾಗ ಕಪ್ಪಾಗಿ, ಬೇಸಿಗೆಯ ಸಂಜೆ ಕೆಂಪಾಗಿ. ಹುಟ್ಟಿದಂದಿನಿಂದ ನೋಡಿದ ಕಲ್ಲು ಅದು. ಅದಕ್ಕೂ ನಮ್ಮನೆ ಬಚ್ಚಲಿಗೂ ಏನಾದರೂ ಸಂಬಂಧ ಇರಬಹುದು ಅಂತ ಅವತ್ತಿನವರೆಗೆ ನನ್ನ ತಲೆಗೆ ಹೊಳೆದಿರಲಿಲ್ಲ.

ಅಮ್ಮನ ಕೋಣೆಗೆ ತಾಗಿಸಿ ಒಂದು ಕಕ್ಕಸು, ಬಚ್ಚಲು ಕಟ್ಟಿಸಬೇಕು. ಇಷ್ಟೇ ನಮಗೆ ಬೇಕಾದದ್ದು. ಮೇಸ್ತ್ರಿ ಬಂದು ನೋಡಿದರು. ತೆಂಕು ಬದಿಗೆ 6 ಅಡಿ ಅಗಲ 8 ಅಡಿ ಉದ್ದದ ಒಂದು ಕೋಣೆ ಹೊರಗೆ ಎಳೆದರೆ ಆಯಿತು, ಹತ್ತು ದಿನದ ಕೆಲಸ ಅಂದರು. ಅಣ್ಣ ಪಂಚಾಯತಿಗೆ ಕೇಳಲು ಹೋದ. ಅಲ್ಲಿದ್ದವರು ಮನೆ ಎಲ್ಲಿ ಅಂತ ಕೇಳಿ, ಅವನು ಹೇಳಿದ ಕೂಡಲೇ ಪೆನ್ನು ಕೆಳಗಿಟ್ಟರಂತೆ. "ಕೋಟೆಯ ಹತ್ತಿರವಾ? ಹಾಗಾದ್ರೆ ಮೊದಲು ಎನ್‌ಓಸಿ ತನ್ನಿ." ಅಂದರೆ ಕಟ್ಟಲು ಅಡ್ಡಿ ಇಲ್ಲ ಅನ್ನುವ ಕಾಗದ.

ಬೇಕಲ ಕೋಟೆ ಕೇಂದ್ರ ಸರಕಾರದ ಸಂರಕ್ಷಿತ ಸ್ಮಾರಕ. ನೋಡಿಕೊಳ್ಳುವುದು ಭಾರತೀಯ ಪುರಾತತ್ವ ಇಲಾಖೆ. 1958ರ ಪ್ರಾಚೀನ ಸ್ಮಾರಕಗಳ ಕಾನೂನು, 2010ರಲ್ಲಿ ಅದಕ್ಕೆ ಬಂದ ತಿದ್ದುಪಡಿ, ಇವೆರಡರ ಪ್ರಕಾರ ಇಂಥ ಸ್ಮಾರಕದ ಗಡಿಯಿಂದ 100 ಮೀಟರ್‌ವರೆಗೆ ನಿಷೇಧಿತ ಪ್ರದೇಶ. ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ನಿಯಂತ್ರಿತ ಪ್ರದೇಶದಲ್ಲಿ ಅನುಮತಿ ತೆಗೆದುಕೊಂಡು ಹೊಸದಾಗಿ ಕಟ್ಟಬಹುದು, ಹಳೆಯದನ್ನು ಕೆಡವಿ ಅದೇ ಅಳತೆಯಲ್ಲಿ ಮತ್ತೆ ಕಟ್ಟಬಹುದು. ನಿಷೇಧಿತ ಪ್ರದೇಶದಲ್ಲಿ ಹೊಸದಾಗಿ ಕಟ್ಟುವ ಮಾತೇ ಇಲ್ಲ. ಅಲ್ಲಿ ದುರಸ್ತಿ, ನವೀಕರಣ ಮಾತ್ರ, ಅದೂ ಅನುಮತಿ ಇದ್ದರೆ. ಅದೂ ಆ ಮನೆ 1992ರ ಜೂನ್ 16ಕ್ಕಿಂತ ಮೊದಲೇ ಇದ್ದದ್ದಾಗಿರಬೇಕು, ಇಲ್ಲವೇ ಆಮೇಲೆ ಇಲಾಖೆಯ ಒಪ್ಪಿಗೆ ಪಡೆದೇ ಕಟ್ಟಿದ್ದಾಗಿರಬೇಕು.

ಈ 100 ಮೀಟರನ್ನು ಎಲ್ಲಿಂದ ಅಳೆಯಬೇಕು ಅನ್ನುವುದರಲ್ಲೇ ನಾವು ಮೊದಲು ತಪ್ಪಿದ್ದು. ಅಣ್ಣ ಕೋಟೆಯ ಗೋಡೆಯಿಂದ ಅಳೆದ. ನಾವು ಹೊರಗಿದ್ದೇವೆ ಅಂತ ಖುಷಿಪಟ್ಟೆವು. ಆದರೆ ಲೆಕ್ಕ ಗೋಡೆಯಿಂದಲ್ಲ, ಸಂರಕ್ಷಿತ ಅಂತ ಗೊತ್ತುಮಾಡಿದ ಜಾಗದ ಗಡಿಯಿಂದ. ಹಾಗೆ ಅಳೆದಾಗ ನಮ್ಮ ಮನೆಯ ಹತ್ತಿರದ ಮೂಲೆಗೆ 92 ಮೀಟರ್ ಬಂತು. ಎಂಟು ಮೀಟರ್ ಆಚೆ ಇದ್ದಿದ್ದರೆ ನಮ್ಮ ಕತೆಯೇ ಬೇರೆ ಇರುತ್ತಿತ್ತು. ನಿಮ್ಮ ಮನೆಯೂ ಇಂಥ ಜಾಗದ ಹತ್ತಿರ ಇದ್ದರೆ ದಯವಿಟ್ಟು ಮೊದಲು ಇದನ್ನು ಸರಿಯಾಗಿ ತಿಳಿದುಕೊಳ್ಳಿ. ಉಳಿದದ್ದೆಲ್ಲ ಆ ಒಂದು ಅಳತೆಯ ಮೇಲೆ ನಿಂತಿದೆ.

ಕಾನೂನಿನಲ್ಲಿ 'ನಿರ್ಮಾಣ' ಅಂದರೆ ಏನು ಅಂತ ಒಂದು ಅರ್ಥ ಕೊಟ್ಟಿದ್ದಾರೆ. ಅದನ್ನು ನಾನು ಅವತ್ತು ರಾತ್ರಿ ಫೋನಿನಲ್ಲಿ ನಾಲ್ಕು ಸಲ ಓದಿದೆ. ಇದ್ದ ಕಟ್ಟಡವನ್ನು ಮೇಲಕ್ಕೆ ಎತ್ತರಿಸಿದರೂ ನಿರ್ಮಾಣ, ಪಕ್ಕಕ್ಕೆ ಬೆಳೆಸಿದರೂ ನಿರ್ಮಾಣ. ಅಂದರೆ ಮೇಸ್ತ್ರಿ ಹೇಳಿದ ಆ 6 ಅಡಿ 8 ಅಡಿಯ ಕೋಣೆ ಹೊಸ ಕಟ್ಟಡಕ್ಕೆ ಸಮ. ಆಗುವುದಿಲ್ಲ. ಅದೇ ವಾಕ್ಯದ ಮುಂದಿನ ಭಾಗದಲ್ಲಿ ಕೆಲವಕ್ಕೆ ವಿನಾಯಿತಿ ಇದೆ. ಚರಂಡಿ ಕೆಲಸ, ಸಾರ್ವಜನಿಕ ಶೌಚಾಲಯ, ಊರಿಗೆ ನೀರು, ಕರೆಂಟು ಕೊಡುವ ಕೆಲಸ, ಇವು ನಿರ್ಮಾಣದ ಲೆಕ್ಕಕ್ಕೆ ಬರುವುದಿಲ್ಲ. ಸಾರ್ವಜನಿಕ ಶೌಚಾಲಯ ಅನ್ನುವ ಶಬ್ದದ ಹತ್ತಿರ ನಾನು ತುಂಬ ಹೊತ್ತು ನಿಂತೆ. ಕೋಟೆ ನೋಡಲು ಬರುವವರಿಗೆ ಅದು ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ 100 ಮೀಟರ್ ಒಳಗೆ ಹುಟ್ಟಿ ಬೆಳೆದು 78 ವರ್ಷ ಆದವರೂ ಇರುತ್ತಾರೆ ಅಂತ ಬರೆದವರಿಗೆ ನೆನಪಾಗಲಿಲ್ಲವೇನೋ ಅಂತ ದುಃಖವಾಯಿತು.

ನಮ್ಮವರು ಇಲ್ಲಿಗೆ ಬಂದದ್ದೇ ಕೋಟೆಯ ಕೆಲಸಕ್ಕೆ. ಇಕ್ಕೇರಿಯ ನಾಯಕರು ಕರಾವಳಿಯ ಉದ್ದಕ್ಕೂ ಕೋಟೆ ಕಟ್ಟಿಸಿದಾಗ ಕಾಯಲು ಕನ್ನಡದ ಜನರನ್ನು ತಂದು ನೆಲೆಗೊಳಿಸಿದರು. ಕುಂಬಳೆ, ಕಾಸರಗೋಡು, ಬೇಕಲ, ಹೊಸದುರ್ಗ, ಹೀಗೆ ಕೋಟೆ ಇದ್ದಲ್ಲೆಲ್ಲ ಅವರ ಮನೆಗಳಾದವು. ಅದಕ್ಕೇ ನಮ್ಮನ್ನು ಇವತ್ತಿಗೂ ಕೋಟೆಯವರು ಅಂತ ಕರೆಯುವುದುಂಟು. ಬೇಕಲ ಕೋಟೆಯನ್ನು ಶಿವಪ್ಪ ನಾಯಕ 1650ರ ಹೊತ್ತಿಗೆ ಕಟ್ಟಿಸಿದ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಹತ್ತಿರ ಹತ್ತಿರ 40 ಎಕರೆ, ಕೇರಳದಲ್ಲೇ ದೊಡ್ಡ ಕೋಟೆ. ಆಮೇಲೆ ಹೈದರಾಲಿ ಬಂದ, ಟಿಪ್ಪು ಬಂದ, 1799ರ ನಂತರ ಕಂಪನಿ ಸರಕಾರ ಬಂತು. ಕೋಟೆ ಕಾಯುವ ಕೆಲಸ ಹೋಯಿತು. ಕಾಯುವವರು ಮಾತ್ರ ಇಲ್ಲೇ ಉಳಿದರು. ಮನೆಯೊಳಗೆ ಕನ್ನಡ, ಅಂಗಳ ದಾಟಿದರೆ ಮಲಯಾಳ, ತುಳುವೂ ಬರುತ್ತದೆ. ಕೋಟೆಯ ಬಾಗಿಲಲ್ಲಿರುವ ಮುಖ್ಯಪ್ರಾಣ ದೇವಸ್ಥಾನಕ್ಕೆ ಅಮ್ಮ ಶನಿವಾರ ತಪ್ಪಿಸುವುದಿಲ್ಲ.

ಸುಮ್ನೆ ಕಟ್ಟಿಬಿಡಿ ಅಂತ ಹೇಳಿದವರು ಬೇಕಾದಷ್ಟು ಜನ. ಓಣಂ ರಜೆ ನಾಲ್ಕು ದಿನ ಇರುತ್ತದೆ, ಕಚೇರಿಗಳೆಲ್ಲ ಬಂದ್, ಅಷ್ಟರಲ್ಲಿ ಗೋಡೆ ಎದ್ದುಬಿಡುತ್ತದೆ, ಆಮೇಲೆ ಯಾರು ಕೇಳ್ತಾರೆ ಅಂತ ಒಬ್ಬ ಕಂಟ್ರಾಕ್ಟರು ಅಣ್ಣನ ತಲೆ ತುಂಬಿದ. ಅಣ್ಣನಿಗೂ ಅದೇ ಸರಿ ಅನಿಸಿತು. ಅವನ ಸಿಟ್ಟು ನನಗೆ ಅರ್ಥವಾಗುತ್ತದೆ. ರಾತ್ರಿ ಅಮ್ಮನ ಕೈ ಹಿಡಿದು ಆ ಮೆಟ್ಟಿಲು ಇಳಿಸುವವನು ಅವನು. ವಾರಕ್ಕೊಮ್ಮೆ ಬಂದು ಕಾನೂನು ಹೇಳುವವಳು ನಾನು. "ನಿನಗೆ ಮಂಗಳೂರಿನಲ್ಲಿ ಎರಡೆರಡು ಬಾತ್‌ರೂಮು ಉಂಟು, ನೀನು ಕೋಟೆ ಉಳಿಸು" ಅಂದ. ಆ ಮಾತು ಇನ್ನೂ ಚುಚ್ಚುತ್ತದೆ. ಅನುಮತಿ ಇಲ್ಲದೆ ಕಟ್ಟಿದರೆ 2 ವರ್ಷದವರೆಗೆ ಜೈಲು, ಇಲ್ಲ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲ ಎರಡೂ ಅಂತ ನಾನು ಹೇಳಿದೆ. ಆದರೆ ನಿಜ ಹೇಳುತ್ತೇನೆ, ನನ್ನನ್ನು ತಡೆದದ್ದು ಜೈಲಿನ ಹೆದರಿಕೆ ಅಲ್ಲ.

ನಮ್ಮ ಚಿಕ್ಕಮ್ಮನ ಮನೆ ಕಾಞಂಗಾಡಿನಲ್ಲಿ, ಹೊಸದುರ್ಗ ಕೋಟೆಯ ಹತ್ತಿರ. ಅದೂ ಇಕ್ಕೇರಿಯವರೇ ಕಟ್ಟಿಸಿದ ಕೋಟೆ. ಹೊಸ ದುರ್ಗ ಅನ್ನುವ ಊರ ಹೆಸರೇ ಕನ್ನಡ. ಅಲ್ಲಿ ಈಗ ದುಂಡಗಿನ ಕೊತ್ತಳಗಳು ಅಲ್ಲೊಂದು ಇಲ್ಲೊಂದು ನಿಂತಿವೆ. ಕೋಟೆಯ ಒಳಗೂ ಹೊರಗೂ ಊರು ಬೆಳೆದುಬಿಟ್ಟಿದೆ. ಚಿಕ್ಕವಳಿದ್ದಾಗ ನಾನು ಚಿಕ್ಕಮ್ಮನನ್ನು ಕೋಟೆ ಎಲ್ಲಿ ಅಂತ ಕೇಳಿದ್ದೆ. "ನಾವೀಗ ಕೋಟೆಯ ಒಳಗೇ ನಡೀತಾ ಇದ್ದೇವೆ ಮಗಾ" ಅಂದಿದ್ದಳು. ನನಗೆ ಕಂಡದ್ದು ರಸ್ತೆ, ಕಟ್ಟಡ, ಮನೆಗಳು. ಯಾರೂ ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಒಬ್ಬೊಬ್ಬರಿಗೆ ಒಂದೊಂದು ಕೋಣೆ ಬೇಕಾಗಿತ್ತು, ಅಷ್ಟೆ. ನಾವು ತೆಂಕು ಬದಿಗೆ ಒಂದು ಕೋಣೆ ಎಳೆದರೆ ಪಕ್ಕದವರು ಮೂಡು ಬದಿಗೆ ಎರಡು ಎಳೆಯುತ್ತಾರೆ. ಬೇಕಲವನ್ನು ಕೇಂದ್ರ ಸರಕಾರ ವಿಶೇಷ ಪ್ರವಾಸಿ ತಾಣ ಅಂತ ಘೋಷಿಸಿದ್ದೂ 1992ರಲ್ಲೇ, 100 ಮೀಟರ್ ನಿಯಮ ಬಂದದ್ದೂ ಅದೇ ವರ್ಷ. ಈ ನಿಯಮ ಇಲ್ಲದಿದ್ದರೆ ನಮ್ಮ ಜಗಲಿಯಿಂದ ಕಾಣುವ ಕೊತ್ತಳದ ಜಾಗದಲ್ಲಿ ಇಷ್ಟು ಹೊತ್ತಿಗೆ ಮೂರು ಮಹಡಿಯ ಲಾಡ್ಜು ಇರುತ್ತಿತ್ತು. ಇದನ್ನು ಅಣ್ಣನಿಗೆ ಹೇಳಿದೆ. ಅವನು ಉತ್ತರ ಕೊಡಲಿಲ್ಲ. ಮರುದಿನ ಬೆಳಿಗ್ಗೆ ಅಟ್ಟದಿಂದ ಅಪ್ಪನ ಟ್ರಂಕು ಇಳಿಸಿಕೊಟ್ಟ.

ಮನೆ 1992ಕ್ಕೆ ಮೊದಲು ಇತ್ತು ಅಂತ ತೋರಿಸಬೇಕಿತ್ತು. ಇದಕ್ಕಿಂತ ಸುಲಭದ್ದು ಏನಿದೆ ಅಂದುಕೊಂಡೆ. ಮನೆಯ ಹಂಚೇ ಹೇಳುತ್ತದೆ. ಮಂಗಳೂರಿನಲ್ಲಿ ಬಾಸೆಲ್ ಮಿಶನ್‌ನವರು 1865ರಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಈ ಕರಾವಳಿಯ ಸೋಗೆ, ಮುಳಿಹುಲ್ಲಿನ ಮಾಡುಗಳೆಲ್ಲ ಮೆಲ್ಲ ಮೆಲ್ಲ ಹಂಚಾದವು. ನಮ್ಮ ಮನೆಗೂ ಹಾಗೇ ಹಂಚು ಬಂತು, ಅಜ್ಜನ ಅಪ್ಪನ ಕಾಲದಲ್ಲಿ. ಆದರೆ ಹಂಚಿನ ಮಾತು ಕಚೇರಿಯಲ್ಲಿ ನಡೆಯುವುದಿಲ್ಲ ಅಲ್ವಾ. ಕಾಗದ ಬೇಕು.

ಟ್ರಂಕಿನಲ್ಲಿ ಕಾಗದ ಇತ್ತು, ಬೇಕಾದಷ್ಟು. ತೀರ್ವೆ, ಅಂದರೆ ಭೂಕಂದಾಯ, ಕಟ್ಟಿದ ರಶೀದಿಗಳು, ನೂಲಿನಲ್ಲಿ ಪೋಣಿಸಿ ಇಟ್ಟದ್ದು. ಅಜ್ಜ ಮತ್ತು ಅವರ ತಮ್ಮ ಪಾಲಾದ 1951ರ ಪಾಲುಪಟ್ಟಿ. ಅದರ ಮೇಲೆ ಮದ್ರಾಸ್ ರಾಜ್ಯ, ದಕ್ಷಿಣ ಕನ್ನಡ ಜಿಲ್ಲೆ, ಕಾಸರಗೋಡು ತಾಲೂಕು ಅಂತ ಇತ್ತು. ಎಲ್ಲವೂ ಕನ್ನಡದಲ್ಲಿ. ಮೋಡಿಯಂತೆ ಒಂದಕ್ಕೊಂದು ಸೇರಿಸಿ ಬರೆದ ದುಂಡು ಕನ್ನಡ, ಶಾಯಿ ಕಂದು ಬಣ್ಣಕ್ಕೆ ತಿರುಗಿದೆ. ನಾನು ಅದನ್ನೆಲ್ಲ ಜೆರಾಕ್ಸ್ ಮಾಡಿಸಿ ಅರ್ಜಿಯ ಜೊತೆ ಇಟ್ಟೆ. ಒಂದು ಕಚೇರಿಯಲ್ಲಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ ವಾಪಸ್ ಕೊಟ್ಟರು. ಓದಲು ಬರುವವರು ಯಾರೂ ಇಲ್ಲ, ಇಂಗ್ಲಿಷಿಗೋ ಮಲಯಾಳಕ್ಕೋ ಮಾಡಿಸಿ, ಸರಿಯಾಗಿದೆ ಅಂತ ಸಹಿ ಹಾಕಿಸಿ ತನ್ನಿ ಅಂದರು. ಹೇಳಿದವರು ಕೆಟ್ಟವರಲ್ಲ. ಅವರಿಗೆ ನಿಜವಾಗಿಯೂ ಓದಲು ಬರುತ್ತಿರಲಿಲ್ಲ.

ಅವತ್ತು ಬಸ್ಸಿನಲ್ಲಿ ವಾಪಸ್ ಬರುವಾಗ ನನಗೆ ಅಳು ಬಂತು. ಇದೇ ನೆಲದ ಕಾಗದ. ಇದೇ ಜಾಗದ ಸರಕಾರಿ ಕಚೇರಿಯಲ್ಲಿ, ಇದೇ ಜಾಗದ ಬಗ್ಗೆ ಬರೆದದ್ದು. 1956ರ ನವೆಂಬರ್ 1ಕ್ಕೆ ರಾಜ್ಯದ ಗೆರೆ ಬದಲಾಗಿ ಕಾಸರಗೋಡು ಕೇರಳಕ್ಕೆ ಸೇರಿತು, ಕಾಗದ ಇದ್ದಲ್ಲೇ ಇದ್ದು ಪರದೇಶಿ ಆಯಿತು. ಆಮೇಲೆ 1967ರಲ್ಲಿ ಮಹಾಜನ ವರದಿ ಬಂತು. ಅದು ಕನ್ನಡ ನಾಡಿಗೆ ಸೇರಬೇಕು ಅಂದದ್ದು ಚಂದ್ರಗಿರಿ ಹೊಳೆಯ ಬಡಗು ಭಾಗವನ್ನು. ನಾವು ಹೊಳೆಯ ತೆಂಕು ಬದಿಯವರು, ಆ ಲೆಕ್ಕದಲ್ಲೂ ಹೊರಗೆ. ಕೇರಳದಲ್ಲಿ ಕನ್ನಡದವರು ಸರಕಾರಕ್ಕೆ ಕನ್ನಡದಲ್ಲಿ ಬರೆಯಬಹುದು ಅಂತ 1969ರ ಭಾಷಾ ಕಾನೂನಿನಲ್ಲಿದೆ. ನಾನು ಅದನ್ನು ಹಿಡಿದು ಜಗಳ ಮಾಡಬಹುದಿತ್ತು. ಆದರೆ ನಮ್ಮ ಅರ್ಜಿ ಹೋಗಬೇಕಾದದ್ದು ಕೇಂದ್ರದ ಕಾನೂನಿನ ದಾರಿಯಲ್ಲಿ. ಮತ್ತೆ ಅಮ್ಮನಿಗೆ ಬೇಕಿದ್ದದ್ದು ಕಕ್ಕಸು.

ಹಾಗಾಗಿ ನಾನೇ ಕೂತು ಪಾಲುಪಟ್ಟಿಯನ್ನು ಒಂದೊಂದೇ ಅಕ್ಷರ ಬಿಡಿಸಿ ಓದಿದೆ. ಅಮ್ಮ ಪಕ್ಕದಲ್ಲಿ. ನನಗೆ ತಿಳಿಯದ ಶಬ್ದ ಬಂದಾಗ ಅವಳು ಹೇಳುತ್ತಿದ್ದಳು. ವರ್ಗ, ಮೂಲಗೇಣಿ, ಕುಮ್ಕಿ, ಎಲ್ಲ ಹಳೆಯ ಜಮೀನು ಹಕ್ಕಿನ ಶಬ್ದಗಳು. ಚೆಕ್ಕುಬಂದಿಯಲ್ಲಿ, ಅಂದರೆ ನಾಲ್ಕು ಗಡಿಯ ವಿವರದಲ್ಲಿ, ಪಡು ಬದಿಗೆ 'ಕೋಟೆಗೆ ಹೋಗುವ ದಾರಿ' ಅಂತ ಇತ್ತು. ಹಾಗೆ ಓದುತ್ತಾ ಓದುತ್ತಾ ಮೂರನೇ ಪುಟದಲ್ಲಿ ಈ ಸಾಲು ಸಿಕ್ಕಿತು: "ವಾಸದ ಹಂಚಿನ ಮನೆ, ಅದರ ಮೂಡು ಗೋಡೆಗೆ ಸೇರಿಕೊಂಡ ಹಟ್ಟಿ, ಬಾವಿ 1, ತೆಂಗಿನ ಮರ 14."

ಹಟ್ಟಿ! ದನದ ಕೊಟ್ಟಿಗೆ. ನಾನು ತಲೆ ಎತ್ತಿ ಅಮ್ಮನನ್ನು ನೋಡಿದೆ. ಅಮ್ಮ ಎದ್ದು ತನ್ನ ಕೋಣೆಯ ಮೂಡು ಗೋಡೆಗೆ ಕೈಯಿಂದ ತಟ್ಟಿದಳು. "ಇದರ ಆಚೆ ಬದಿ."

ದನ ಮಾರಿ ಇಪ್ಪತ್ತು ವರ್ಷ ದಾಟಿತು. ಈಗ ಅಲ್ಲಿರುವುದು ಸೌದೆ, ಹಳೆಯ ಹಂಡೆ, ತೆಂಗಿನ ಗರಿ, ಅಣ್ಣನ ಮಕ್ಕಳ ಮುರಿದ ಸೈಕಲ್ಲು. ನಾವು ಅದನ್ನು ಮನೆ ಅಂತ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಆದರೆ ನಾಲ್ಕು ಗೋಡೆ ಇವೆ, ಮನೆಯ ಮಾಡೇ ಇಳಿದು ಬಂದು ಅದನ್ನೂ ಮುಚ್ಚಿದೆ, 1951ರಲ್ಲೇ ಕಾಗದದಲ್ಲಿದೆ. ಅಂದರೆ ಹೊಸದಾಗಿ ಏನನ್ನೂ ಕಟ್ಟಬೇಕಿಲ್ಲ. ಅಮ್ಮನ ಕೋಣೆಯ ಗೋಡೆಯಲ್ಲಿ ಒಂದು ಬಾಗಿಲು ಬಿಡಿಸಿ, ಹಟ್ಟಿಯ ಒಳಗೇ ಬಚ್ಚಲು, ಕಕ್ಕಸು ಮಾಡಿದರೆ ಸಾಕು. ಕಾನೂನಿನ ಮಾತಿನಲ್ಲಿ ಅದು ದುರಸ್ತಿ ಮತ್ತು ನವೀಕರಣ. ಮನೆ ಒಂದು ಅಂಗುಲವೂ ಆಚೆ ಹೋಗುವುದಿಲ್ಲ. ಹಳೆಯ ಕಕ್ಕಸಿನ ಗುಂಡಿ ಇದ್ದೇ ಇದೆ, ಅಲ್ಲಿಗೆ ಒಂದು ಪೈಪು ಎಳೆದರಾಯಿತು.

ನಕ್ಷೆ ಮಾಡಿಕೊಡಲು ಬಂದ ಹುಡುಗ ಇನ್ನೊಂದು ವಿಷಯವನ್ನೂ ನೆನಪಿಸಿದ. ಸಮುದ್ರದ ಉಬ್ಬರದ ಗೆರೆಯಿಂದ 500 ಮೀಟರ್ ಒಳಗಿದ್ದರೆ ಕರಾವಳಿ ನಿಯಂತ್ರಣ ವಲಯದ ನಿಯಮವೂ ನೋಡಬೇಕು. ಅಲ್ಲೂ ಇದ್ದ ಮನೆಯನ್ನು ಇದ್ದ ಅಳತೆಯಲ್ಲೇ ರಿಪೇರಿ ಮಾಡಲು ಅಡ್ಡಿ ಇಲ್ಲ. ಹಟ್ಟಿ ನಮ್ಮನ್ನು ಅಲ್ಲೂ ಕಾಪಾಡಿತು.

ಮನೆ ಅಳೆಯಲು ಪೂರಾ ಒಂದು ಭಾನುವಾರ ಹಿಡಿಯಿತು. ಟೇಪಿನ ಒಂದು ತುದಿ ಆ ಹುಡುಗನ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಚಾವಡಿ, ಅಡಿಗೆಮನೆ, ಉಗ್ರಾಣ, ಅಮ್ಮನ ಕೋಣೆ. ಗೋಡೆಯ ದಪ್ಪ ಒಂದೂವರೆ ಅಡಿ. ನಾನು 40 ವರ್ಷದಿಂದ ಒರಗಿ ಕೂತ ಗೋಡೆಯ ದಪ್ಪ ನನಗೆ ಗೊತ್ತಿರಲಿಲ್ಲ. ಅಡಿಗೆಮನೆಯ ಕಿಟಕಿಯ ದಳಿ ಒಂದೊಂದೂ ಬೇರೆ ಬೇರೆ ಅಳತೆ. ಯಾವ ಮೂಲೆಯೂ ಸರಿಯಾಗಿ ಮೂಲೆಮಟ್ಟಕ್ಕೆ ಕೂರುವುದಿಲ್ಲ. ಹುಡುಗ ಪಾಪ ಮೂರು ಸಲ ಅಳೆದ. ಕೊನೆಗೆ, "ಅಕ್ಕಾ, ಇದು ಕೈಯಲ್ಲಿ ಅಳೆದು ಕಟ್ಟಿದ ಮನೆ, ಟೇಪಿಗೆ ಸಿಕ್ಕುವುದಿಲ್ಲ" ಅಂದ.

ಒಂದು ವಿಷಯ ನನಗೆ ಅವತ್ತು ಹೊಳೆಯಿತು. ಆಮೇಲೂ ಬಿಟ್ಟುಹೋಗಲಿಲ್ಲ. ನಮ್ಮಿಂದ ಕೇಳಿದ್ದು ಉದ್ದ, ಅಗಲ, ಎತ್ತರ, ದೂರ. ಗೋಡೆ ಯಾವ ಕಲ್ಲಿನದು, ಸಾರಣೆ ಯಾವುದು ಅಂತ ನಾವು ತುಂಬಿದ ಕಾಗದದಲ್ಲಿ ಎಲ್ಲೂ ಬರೆಯಬೇಕಾಗಿ ಬರಲಿಲ್ಲ. ಇದೇ ಮನೆ ಇನ್ನೂ ಸ್ವಲ್ಪ ಆಚೆ, ನಿಯಂತ್ರಿತ ಪ್ರದೇಶದಲ್ಲಿ ಇದ್ದಿದ್ದರೆ, ಪೂರಾ ಕೆಡವಿ ಅದೇ ಉದ್ದಗಲ ಎತ್ತರದಲ್ಲಿ ಕಾಂಕ್ರೀಟಿನಲ್ಲಿ ಮತ್ತೆ ಕಟ್ಟಲು ಕೇಳಬಹುದಿತ್ತು. ಕೋಟೆಗೆ ಅದರಿಂದ ತೊಂದರೆ ಇಲ್ಲ. ಆದರೆ ಕೋಟೆ ಯಾವ ಕಲ್ಲಿನದೋ ಈ ಮನೆಯೂ ಅದೇ ಕಲ್ಲಿನದು, ಯಾವ ಸುಣ್ಣದ್ದೋ ಅದೇ ಸುಣ್ಣದ್ದು. ಮನೆಯ ಹೊರಗಿನ ಗೆರೆಯನ್ನು ಕಾನೂನು ಕಾಯುತ್ತದೆ. ಒಳಗಿನ ಕಲ್ಲನ್ನು ನಾವೇ ಕಾಯಬೇಕು.

ಮೇಸ್ತ್ರಿಯ ಹತ್ತಿರ ಇದೇ ವಿಷಯಕ್ಕೆ ವಾದ ಆಯಿತು. ಅವರಿಗೆ ಸಿಮೆಂಟಿನಲ್ಲಿ ಪೂರ್ತಿ ಸಾರಣೆ ಮಾಡಿ ಮುಗಿಸುವ ಆತುರ. ಮುರಕಲ್ಲು ನೀರು ಕುಡಿಯುವ ಕಲ್ಲು. ಮಳೆಗಾಲದಲ್ಲಿ ಕುಡಿಯುತ್ತದೆ, ಬೇಸಿಗೆಯಲ್ಲಿ ಬಿಡುತ್ತದೆ. ಸುಣ್ಣದ ಸಾರಣೆ ಅದಕ್ಕೆ ದಾರಿ ಬಿಡುತ್ತದೆ. ಸಿಮೆಂಟು ಬಾಯಿ ಮುಚ್ಚುತ್ತದೆ. ಆಗ ನೀರು ಒಳಗೇ ಕೂತು ಗೋಡೆ ಗುಳ್ಳೆ ಏಳುತ್ತದೆ, ಉಪ್ಪು ಉದುರುತ್ತದೆ, ಕಲ್ಲು ಮೆತ್ತಗಾಗುತ್ತದೆ. ನಮ್ಮ ಚಾವಡಿಯ ಒಂದು ಗೋಡೆಗೆ ಅಪ್ಪ ಸಿಮೆಂಟು ಹಾಕಿಸಿದ್ದರು, ಅಲ್ಲಿ ಇವತ್ತಿಗೂ ಬಣ್ಣ ನಿಲ್ಲುವುದಿಲ್ಲ. ಅದನ್ನೇ ತೋರಿಸಿದೆ. ಕೊನೆಗೆ ರಾಜಿ ಆಯಿತು. ಒಳಗೆ ನೀರು ಬೀಳುವ ಜಾಗದಲ್ಲಿ ಮಾತ್ರ ಟೈಲ್ಸು, ಹೊರಗೋಡೆಗೆ ಪೂರಾ ಸುಣ್ಣ. ಚಿಪ್ಪು ಸುಟ್ಟು ಮಾಡಿದ ಸುಣ್ಣ ಈಗ ಸುಲಭದಲ್ಲಿ ಸಿಗುವುದಿಲ್ಲ. ಮೇಸ್ತ್ರಿಯೇ ಹುಡುಕಿ ತಂದರು, ಅದು ಅವರ ದೊಡ್ಡತನ.

ಅರ್ಜಿ ಹೋದ ಮೇಲೆ ಕಾಯುವ ಕೆಲಸ. ಕಾನೂನಿನಲ್ಲಿ ಲೆಕ್ಕ ಹೀಗಿದೆ. ಅರ್ಜಿ ತೆಗೆದುಕೊಳ್ಳುವ ಸಕ್ಷಮ ಪ್ರಾಧಿಕಾರ 15 ದಿನದಲ್ಲಿ ಅರ್ಜಿಯನ್ನು ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳಿಸಬೇಕು. ಅವರು 2 ತಿಂಗಳಲ್ಲಿ ಅಭಿಪ್ರಾಯ ತಿಳಿಸಬೇಕು. ಅದಾಗಿ 1 ತಿಂಗಳಲ್ಲಿ ನಮಗೆ ಉತ್ತರ ಬರಬೇಕು. ಒಟ್ಟು ಮೂರೂವರೆ ತಿಂಗಳು. ನಮಗೆ ಎಲ್ಲ ಸೇರಿ 8 ತಿಂಗಳು ಹಿಡಿಯಿತು. ಅದರಲ್ಲಿ ಅರ್ಧ ಕಾಗದ ಹುಡುಕಿ, ಬಿಡಿಸಿ, ಬೇರೆ ಭಾಷೆಗೆ ಮಾಡಿಸುವುದರಲ್ಲೇ ಹೋಯಿತು. ಆ 8 ತಿಂಗಳು ಅಮ್ಮ ಕೋಣೆಯ ಮೂಲೆಯಲ್ಲಿ ಒಂದು ಕಮೋಡ್ ಕುರ್ಚಿ ಇಟ್ಟುಕೊಂಡು ಕಳೆದಳು. ಅದನ್ನು ದಿನಾ ತೊಳೆದವಳು ಅತ್ತಿಗೆ. ಅಮ್ಮನಿಗೆ ಅದು ಎಷ್ಟು ಕಷ್ಟವಾಗಿತ್ತು ಅಂತ ಅವಳು ಬಾಯಿಬಿಟ್ಟು ಹೇಳಲಿಲ್ಲ. ರಾತ್ರಿ ನೀರು ಕುಡಿಯುವುದನ್ನೇ ನಿಲ್ಲಿಸಿದ್ದಳು. ಅದು ನಮಗೆ ಗೊತ್ತಾದದ್ದು ಡಾಕ್ಟರು ಕೇಳಿದ ಮೇಲೆ.

ಜಾಗ ನೋಡಲು ಒಬ್ಬ ಯುವಕ ಬಂದಿದ್ದ. ಫೋಟೋ ತೆಗೆದ, ಅಳೆದ, ಹಟ್ಟಿಯ ಒಳಗೆ ಬಗ್ಗಿ ನೋಡಿದ. ಅಮ್ಮ ಅವನಿಗೆ ಮಲಯಾಳದಲ್ಲೇ ಮನೆ ಎಲ್ಲಿ, ಮದುವೆ ಆಯಿತಾ ಅಂತ ಎಲ್ಲ ಕೇಳಿ, ಚಾ ಕೊಟ್ಟು, ಆಮೇಲೆ ಮೆಲ್ಲನೆ ಹೇಳಿದಳು. "ನಮ್ಮ ಹಿರಿಯರು ಕೋಟೆ ಕಾಯ್ಲಿಕ್ಕೆ ಬಂದವರು ಮೋನೇ. ಈಗ ನೀನು ಕಾಯ್ತಿದ್ದೀ. ಒಳ್ಳೆದಾಯ್ತು. ಆದ್ರೆ ನಾವೂ ಇಲ್ಲೇ ಇದ್ದೇವೆ ಅಂತ ಅದ್ರಲ್ಲಿ ಬರೀ." ಅವನು ಚಾದ ಲೋಟ ಕೆಳಗಿಟ್ಟು, ಎದ್ದು, ಹಿತ್ತಿಲಿಗೆ ಹೋದ. ಅಡಿಗೆಮನೆಯ ಬಾಗಿಲಿನಿಂದ ಹಳೆಯ ಕಕ್ಕಸಿನವರೆಗೆ ತಾನೇ ನಡೆದು ನೋಡಿದ. ಆ ಮೂರು ಮೆಟ್ಟಿಲಿನ ಫೋಟೋವನ್ನೂ ತೆಗೆದುಕೊಂಡ. ಅದು ಅವನ ಕೆಲಸದ ಪಟ್ಟಿಯಲ್ಲಿ ಇತ್ತೋ ಇಲ್ಲವೋ, ಅವನು ಆ 32 ಹೆಜ್ಜೆ ನಡೆದದ್ದನ್ನು ನಾನು ಮರೆಯುವುದಿಲ್ಲ.

ಅನುಮತಿ ಮಾರ್ಚಿನಲ್ಲಿ ಬಂತು. ಎತ್ತರ ಹೆಚ್ಚಿಸಬಾರದು, ಹೊರಗೋಡೆ ಆಚೆ ಹೋಗಬಾರದು, ಹೇಳಿದ್ದಷ್ಟೇ ಮಾಡಬೇಕು. ಎಲ್ಲ ಒಪ್ಪಿಗೆ ಇದ್ದದ್ದೇ.

ಬಾಗಿಲು ಬಿಡಿಸುವ ದಿನ ನಾನು ರಜೆ ಹಾಕಿ ಬಂದಿದ್ದೆ. ಮೇಸ್ತ್ರಿ ಮೇಲೆ ಅಡ್ಡಕ್ಕೆ ಮರದ ತೊಲೆ ಕೂರಿಸಿಕೊಂಡು, ಕೆಳಗಿನ ಕಲ್ಲನ್ನು ಒಂದೊಂದಾಗಿ ಸಡಿಲಿಸಿದರು. ಹೊರಗೆ ಕಪ್ಪು ಹಿಡಿದ ಗೋಡೆ ಒಳಗೆ ಬೇರೆಯೇ ಬಣ್ಣ. ಕಿತ್ತಳೆ, ಅರಸಿನ, ನಡುವೆ ಬಿಳಿ ಚುಕ್ಕೆ, ಜೇನುಗೂಡಿನ ಹಾಗೆ ತೂತು ತೂತು. ಈ ಕಲ್ಲು ಭೂಮಿಯಿಂದ ತೆಗೆಯುವಾಗ ಮೆತ್ತಗಿರುತ್ತದೆ, ಗಾಳಿ ತಾಗಿದ ಹಾಗೆ ಗಟ್ಟಿಯಾಗುತ್ತದೆ. ಕಂಪನಿ ಸರಕಾರದ ಬುಕಾನನ್ ಮಲಬಾರಿನಲ್ಲಿ ಇದನ್ನು ನೋಡಿ, ಇಟ್ಟಿಗೆಯ ಹಾಗೆ ಕತ್ತರಿಸಬಹುದಾದ ಕಲ್ಲು ಅಂತ 1807ರ ತನ್ನ ಪುಸ್ತಕದಲ್ಲಿ ಲ್ಯಾಟರೈಟ್ ಅಂತ ಹೆಸರು ಕೊಟ್ಟ. ಎರಡು ಕಲ್ಲಿನ ನಡುವಿನ ಗಾರೆಯಲ್ಲಿ ಸುಟ್ಟು ಪೂರ್ತಿ ಪುಡಿಯಾಗದ ಒಂದು ಚಿಪ್ಪು ಹಾಗೇ ಉಳಿದಿತ್ತು. ಉಗುರಿನಷ್ಟು ದೊಡ್ಡದು, ಮೇಲಿನ ಗೆರೆಗಳೂ ಕಾಣುತ್ತಿದ್ದವು. ಮೇಸ್ತ್ರಿ ಅದನ್ನು ಬಿಡಿಸಿ ಅಮ್ಮನ ಕೈಗೆ ಹಾಕಿದರು. ಅಮ್ಮ ಅದನ್ನು ಸೆರಗಿನಲ್ಲಿ ಒರಸಿ ದೇವರ ಕೋಣೆಯಲ್ಲಿ ಇಟ್ಟಿದ್ದಾಳೆ.

ತೆಗೆದ ಕಲ್ಲು ಒಂದೂ ಹೊರಗೆ ಹೋಗಲಿಲ್ಲ. ಹಟ್ಟಿಯ ನೆಲ ಕೋಣೆಗಿಂತ ತಗ್ಗಿನಲ್ಲಿತ್ತು, ಅದೇ ಕಲ್ಲು ಹಾಸಿ ಮೇಲೆತ್ತಿ ಎರಡನ್ನೂ ಸಮ ಮಾಡಿದರು. ಈಗ ಅಮ್ಮನಿಗೆ ಹತ್ತಲು ಇಳಿಯಲು ಒಂದು ಮೆಟ್ಟಿಲೂ ಇಲ್ಲ. ಮಂಚದಿಂದ ಕಕ್ಕಸಿಗೆ 9 ಹೆಜ್ಜೆ. ಹಿಡಿದುಕೊಳ್ಳಲು ಗೋಡೆಗೆ ಸ್ಟೀಲಿನ ಸರಳು. ದನಕ್ಕೆ ಗಾಳಿ ಬರಲೆಂದು ಅಜ್ಜ ಇಟ್ಟಿದ್ದ ಕಿಂಡಿಯನ್ನು ಹಾಗೇ ಬಿಟ್ಟಿದ್ದೇವೆ.

ಇಷ್ಟೆಲ್ಲ ಬರೆದದ್ದು ಯಾಕೆಂದರೆ, ನಮ್ಮ ಹಾಗೆ ಗೆರೆಯ ಒಳಗಿರುವ ಮನೆಗಳು ಇನ್ನೂ ಇವೆ. ಅವರಲ್ಲಿ ಎಷ್ಟೋ ಮಂದಿಗೆ ಕೇಳುವ ದಾರಿ ಇದೆ ಅಂತಲೇ ಗೊತ್ತಿಲ್ಲ. ಏನೂ ಮಾಡ್ಲಿಕ್ಕಿಲ್ಲ ಅಂತ ಸುಮ್ಮನಿರುತ್ತಾರೆ, ಇಲ್ಲ ರಾತ್ರೋರಾತ್ರಿ ಕಟ್ಟುತ್ತಾರೆ. ನನಗೆ 100 ಮೀಟರ್ ಬೇಡ ಅಂತ ಇಲ್ಲ. ಇರಲಿ, ಗಟ್ಟಿಯಾಗಿಯೇ ಇರಲಿ. ಆದರೆ ಒಂದೇ ಒಂದು ಹಾಳೆ, ಮಲಯಾಳದಲ್ಲೂ ಕನ್ನಡದಲ್ಲೂ, ಏನು ಮಾಡಬಹುದು, ಏನು ಮಾಡಬಾರದು, ಯಾರನ್ನು ಕೇಳಬೇಕು, ಯಾವ ಕಾಗದ ಬೇಕು ಅಂತ ಅಚ್ಚು ಹಾಕಿಸಿ ಆ ಗೆರೆಯ ಒಳಗಿನ ಪ್ರತಿ ಮನೆಗೆ ಕೊಡಲು ಎಷ್ಟು ಖರ್ಚಾದೀತು? ಮತ್ತೆ ವಯಸ್ಸಾದವರ, ಕಾಯಿಲೆಯವರ ಕಕ್ಕಸು, ಬಚ್ಚಲಿನ ಅರ್ಜಿಯನ್ನು ಲಾಡ್ಜು ಕಟ್ಟುವವರ ಅರ್ಜಿಯ ಸಾಲಿನಲ್ಲಿ ನಿಲ್ಲಿಸಬೇಡಿ. ಇದ್ದ ಗೋಡೆಗಳ ಒಳಗಿನ ಕೆಲಸವಾದರೆ ಬೇಗ ನೋಡಿ ಬೇಗ ಕೊಡಿ. ಒಂದು ಮಳೆಗಾಲದೊಳಗೆ ಕೊಡಿ.

ಕೆಲಸ ಮುಗಿದ ವಾರ ಅಣ್ಣ ಎಲ್ಲ ಕಾಗದ ಒಟ್ಟುಮಾಡಿ ಟ್ರಂಕಿಗೆ ಹಾಕುತ್ತಿದ್ದ. ಪಾಲುಪಟ್ಟಿ, ರಶೀದಿಗಳು, ನಕ್ಷೆ, ಮೇಲೆ ಅನುಮತಿ ಪತ್ರ. ಅಮ್ಮ ತಡೆದಳು. "ಇದು ಇಂಗ್ಲಿಷಿನಲ್ಲಿ ಉಂಟಲ್ಲ, ಇದರಲ್ಲಿ ಎಂತ ಬರೆದಿದೆ ಅಂತ ಕನ್ನಡದಲ್ಲಿ ಬರೆದಿಡು. ಮುಂದಿನವರು ಹುಡುಕುವುದು ಬೇಡ." ಅಣ್ಣ ಮಗಳ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು, ಜಗಲಿಯಲ್ಲಿ ಕೂತು ಬರೆದ. ಪಾಲುಪಟ್ಟಿಯಲ್ಲಿದ್ದ ಹಾಗೇ ಶುರುಮಾಡಿದ. ವಾಸದ ಹಂಚಿನ ಮನೆ, ಅದರ ಮೂಡು ಗೋಡೆಗೆ ಸೇರಿಕೊಂಡ ಹಟ್ಟಿ, ಈಗ ಬಚ್ಚಲು. ಬಾವಿ 1. ಅಲ್ಲಿ ನಿಲ್ಲಿಸಿ, ಅಂಗಳಕ್ಕೆ ಇಳಿದು, ತೆಂಗಿನ ಮರ ಎಣಿಸಿ ಬಂದ. 11.